ಸೊನ್ನೆ ಒತ್ತದ ದಿನ

ನಮ್ಮ ಭಾವನಿಗೆ ಬೀದಿಯವರು ಇಟ್ಟ ಹೆಸರು ಪೈಪ್ ಡಾಕ್ಟ್ರು. ಅಕ್ಕನನ್ನು ಅವರಿಗೆ ಕೊಟ್ಟಾಗ ಮೂಗು ಮುರಿದವನು ನಾನು. ಬೇರೆ ಯಾವ ಕೆಲಸವೂ ಕೈ ಹಿಡಿಯದೆ, ಕೊನೆಗೆ ಅವರ ವ್ಯಾನನ್ನೇ ಹತ್ತಿದವನೂ ನಾನೇ. ಮನೆಗಳ ನೆಲದಡಿಯ ಒಳಚರಂಡಿ ಪೈಪಿಗೆ ಕ್ಯಾಮೆರಾ ಇಳಿಸಿ, ಎಲ್ಲಿ ಒಡೆದಿದೆ, ಎಲ್ಲಿ ಕಟ್ಟಿದೆ ಅಂತ ನೋಡಿ ಹೇಳುವುದು ನಮ್ಮ ಕಸುಬು. ಹದಿನಾರು ವರ್ಷದಿಂದ ಅವರು ಪರದೆಯ ಮುಂದೆ, ನಾನು ಕೇಬಲ್ಲಿನ ಸುರುಳಿಯ ಹಿಂದೆ.

ಭಾವ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತು, ಕನ್ನಡಕ ಮೂಗಿನ ತುದಿಗಿಳಿಸಿ ಪರದೆ ನೋಡುತ್ತಾರೆ. ಬಾಚಣಿಗೆ, ಚಮಚ, ಹಲ್ಲಿನ ಸೆಟ್ಟು, ಗಂಡ ಹೆಂಡತಿ ವಾರಗಟ್ಟಲೆ ಮಾತು ಬಿಡಲು ಕಾರಣವಾದ ಬೀರುವಿನ ಬೀಗದ ಕೈ, ಎಲ್ಲವನ್ನೂ ಅವರು ಕಂಡಿದ್ದಾರೆ. ಒಂದು ಮನೆಯ ಪೈಪಿನ ಸುದ್ದಿಯನ್ನು ಇನ್ನೊಂದು ಮನೆಯಲ್ಲಿ ಬಾಯಿಬಿಟ್ಟವರಲ್ಲ. ಅವರದು ಎರಡೇ ಕಟ್ಟಳೆ. ನೀರು ಕದಡಿದ್ದರೆ ಮೊದಲು ಕಟ್ಟಿದ್ದನ್ನು ಬಿಡಿಸಿ, ಇನ್ನೊಮ್ಮೆ ಕ್ಯಾಮೆರಾ ಬಿಟ್ಟು ನೋಡಿ, ಆಮೇಲೆ ಮಾತಾಡಬೇಕು. ಮತ್ತೆ, ತೊಂದರೆ ಎಲ್ಲಿದೆ ಅಂತ ಹೇಳಬೇಕೇ ಹೊರತು ಯಾರಿಂದ ಅಂತ ಹೇಳಬಾರದು. ಎರಡೆರಡು ಸಲ ನೋಡುವ ಈ ಚಾಳಿಯನ್ನು ನಾನು ಎಷ್ಟು ಆಡಿಕೊಂಡಿದ್ದೇನೋ ಲೆಕ್ಕವಿಲ್ಲ. ಭಾವ ನಗುತ್ತಿದ್ದರು.

ಎರಡೂ ಕಟ್ಟಳೆ ಒಂದೇ ಬೆಳಿಗ್ಗೆ ಮುರಿದವು. ಅದು ಎರಡು ಅಂತಸ್ತಿನ ಮನೆ. ಕೆಳಗೆ ಮಾಲೀಕರ ಸಂಸಾರ. ಮೇಲೆ ಬಾಡಿಗೆಗೆ ಬಟ್ಟೆ ಹೊಲಿಯುವ ಹೆಂಗಸು, ಜೊತೆಗೆ ಅವರ ವಯಸ್ಸಾದ ತಾಯಿ. ಕೆಳಗಿನ ಬಚ್ಚಲಲ್ಲಿ ನೀರು ಉಕ್ಕಿ ನಡುಮನೆಗೆ ಬಂದಿತ್ತು, ಮಾಲೀಕರ ಮುಖ ಕೆಂಡವಾಗಿತ್ತು. ಮನೆಯ ಹಿಂದಿನ ಓಣಿಯಲ್ಲಿ ಕೆಳಗಿನ ಮನೆಯ ಪೈಪಿನ ಬಾಯಿ. ಅಲ್ಲಿಂದ ನೀರು ಹರಿಯುವ ದಿಕ್ಕಿನಲ್ಲಿ ಏಳು ಮೀಟರ್ ಮುಂದೆ ಮೇಲಿನ ಮನೆಯ ಪೈಪು ಬಂದು ಸೇರುತ್ತದೆ ಅಂತ ನಕ್ಷೆಯಲ್ಲಿತ್ತು. ಅಂದರೆ ಏಳಕ್ಕೆ ಮುಂಚೆ ಏನು ಸಿಕ್ಕರೂ ಅದು ಕೆಳಗಿನವರದೇ. ಏಳು ದಾಟಿದರೆ ಯಾರದ್ದಾದರೂ ಆಗಬಹುದು.

ಕೇಬಲ್ ಎಷ್ಟು ಮೀಟರ್ ಹೋಯಿತು ಅನ್ನುವ ಅಂಕಿ ಪರದೆಯ ಮೂಲೆಯಲ್ಲಿರುತ್ತದೆ. ವ್ಯಾನಿನಿಂದ ಪೈಪಿನ ತನಕ ಎಳೆದು ತರುವಾಗಲೂ ಅದು ಓಡುತ್ತಲೇ ಇರುತ್ತದೆ. ಹಾಗಾಗಿ ಕ್ಯಾಮೆರಾದ ತಲೆ ಪೈಪಿನ ಬಾಯಿಗೆ ಬಂದ ಕೂಡಲೇ ಗುಂಡಿ ಒತ್ತಿ ಸೊನ್ನೆಗೆ ತರಬೇಕು. ಅದು ನನ್ನ ಕೆಲಸ. ಆ ಹೊತ್ತಿನಲ್ಲಿ ನಾನು ಏನು ಮಾಡುತ್ತಿದ್ದೆ? ನಮ್ಮಂಥ ಕ್ಯಾಮೆರಾ ಈ ಸುತ್ತಿನಲ್ಲೇ ಯಾರ ಹತ್ತಿರವೂ ಇಲ್ಲ ಅಂತ ಮಾಲೀಕರ ಮುಂದೆ ಜಂಬ ಕೊಚ್ಚುತ್ತಿದ್ದೆ. ಗುಂಡಿ ಒತ್ತಲಿಲ್ಲ.

ಒಳಗೆ ನೀರು ಚಹಾದ ಬಣ್ಣಕ್ಕೆ ಕದಡಿತ್ತು, ಪೈಪಿನ ಗೋಡೆಯೇ ಕಾಣುತ್ತಿರಲಿಲ್ಲ. ಅಂಕಿ ಒಂಬತ್ತಕ್ಕೆ ಬಂದಾಗ ಕ್ಯಾಮೆರಾ ಏನಕ್ಕೋ ತಾಗಿತು. ಹೂವಿನ ಚಿತ್ತಾರದ ಬಟ್ಟೆಯ ಚೂರುಗಳು, ಕತ್ತರಿ ಆಡಿಸಿದ ಅಂಚು ಸಮೇತ. ಮಾಲೀಕರು ಭಾವನ ಹೆಗಲ ಮೇಲೆಯೇ ಬಗ್ಗಿದ್ದರು. ಇದು ಯಾರ ಕೆಲಸ, ಹೇಳಿ, ಯಾರದು ಅಂತ ಮೂರು ಸಲ ಕೇಳಿದರು. ಭಾವನಿಗೆ ಅವತ್ತು ಇನ್ನೂ ಎರಡು ಮನೆ ಬಾಕಿ ಇತ್ತು, ಬೆಳಿಗ್ಗೆಯಿಂದ ತಲೆನೋವು ಬೇರೆ.

"ಒಂಬತ್ತರಲ್ಲಿದೆ, ಬಟ್ಟೆ ಚೂರು. ಮೇಲಿನವರದೇ ಇರಬೇಕು," ಅಂದುಬಿಟ್ಟರು.

ಮಾಲೀಕರು ಆಗಲೇ ಮೆಟ್ಟಿಲು ಹತ್ತುತ್ತಿದ್ದರು.

ನಾನು ಕೇಬಲ್ ಹಿಂದಕ್ಕೆಳೆದೆ. ತಲೆ ಪೈಪಿನ ಬಾಯಿಗೆ ಬಂದಾಗ ಅಂಕಿ ಸೊನ್ನೆ ಇರಬೇಕಿತ್ತು. ನಾಲ್ಕು ಇತ್ತು. ಭಾವ ಅಂಕಿ ನೋಡಿದರು, ನನ್ನ ಮುಖ ನೋಡಿದರು. ಒಂಬತ್ತರಲ್ಲಿ ನಾಲ್ಕು ಹೋದರೆ ಐದು. ಐದು ಏಳಕ್ಕಿಂತ ಮುಂಚೆ ಬರುತ್ತದೆ ಅನ್ನಲು ಡಾಕ್ಟ್ರೇ ಆಗಬೇಕಿಲ್ಲ. ಬಟ್ಟೆ ಮೇಲಿನ ಮನೆಯಲ್ಲಿ ಕತ್ತರಿಸಿದ್ದಿರಬಹುದು, ಆದರೆ ಪೈಪಿಗೆ ಬಿದ್ದದ್ದು ಕೆಳಗಿನ ಮನೆಯಿಂದ. ಅಡುಗೆಮನೆಯ ಕಿಟಕಿಯಲ್ಲಿ ಅಂಥದೇ ಚೂರುಗಳ ಒಂದು ಚೀಲ ನೇತಾಡುತ್ತಿತ್ತು. ಒಲೆ ಒರೆಸಲು, ಕನ್ನಡಿ ಒರೆಸಲು ಮೇಲಿನಾಕೆ ಕೊಟ್ಟದ್ದು ಅಂತ ಮಾಲೀಕರ ಹೆಂಡತಿಯೇ ಆಮೇಲೆ ನನಗೆ ಹೇಳಿದರು, ಬಲು ಸಹಜವಾಗಿ.

ಮೇಲಿನಿಂದ ಮಾಲೀಕರ ದನಿ ಕೇಳುತ್ತಿತ್ತು. ಹದಿನಾಲ್ಕು ಮೆಟ್ಟಿಲು, ಆಮೇಲೆ ಲೆಕ್ಕ ಹಾಕಿದ್ದೇನೆ. ಹತ್ತಿ ಹೋಗಿ, ಸ್ವಾಮಿ, ನಮ್ಮಿಂದ ತಪ್ಪಾಯಿತು ಅನ್ನಲು ಒಂದು ನಿಮಿಷ ಸಾಕಿತ್ತು. ಭಾವ ಎದ್ದು ನಿಂತಿದ್ದರು ಕೂಡ. ಆಗ ಅವರ ತೋಳು ಹಿಡಿದವನು ನಾನು.

"ಬಿಡಿ ಭಾವ, ಯಾರಿಗೆ ಗೊತ್ತಾಗತ್ತೆ. ಯಂತ್ರ ತಪ್ಪು ಹೇಳ್ತು ಅಂತ ಆದ್ರೆ ನಾಳೆಯಿಂದ ನಮ್ಮನ್ನ ಯಾರು ಕರೀತಾರೆ?"

ಭಾವ ಮತ್ತೆ ಬಕೆಟ್ಟಿನ ಮೇಲೆ ಕೂತರು. ಗುಂಡಿಯನ್ನು ತಾವೇ ಒತ್ತಿ ಅಂಕಿಯನ್ನು ಸೊನ್ನೆ ಮಾಡಿದರು. ಕೊಕ್ಕೆ ಹಾಕಿ ಚೂರುಗಳನ್ನು ಎಳೆದು ತೆಗೆದೆವು, ನೀರು ಗಳಗಳ ಹರಿದು ಹೋಯಿತು. ವರದಿಯಲ್ಲಿ ಒಂಬತ್ತು ಮೀಟರ್ ಅಂತಲೇ ಬರೆದು ಸಹಿ ಹಾಕಿದರು.

ತಿಂಗಳಾದ ಮೇಲೆ ಮಾಲೀಕರು ಪೇಟೆಯಲ್ಲಿ ಎದುರಾಗಿ ಕೈ ಕುಲುಕಿದರು. ಮೇಲಿನವರನ್ನು ಖಾಲಿ ಮಾಡಿಸಿದೆ, ಈಗ ಮನೆ ನೆಮ್ಮದಿಯಾಗಿದೆ, ಎಲ್ಲ ನಿಮ್ಮ ಉಪಕಾರ ಅಂದರು. ಅಲ್ಲಿಂದೀಚೆಗೆ ಭಾವನ ನಗು ನಿಂತಿತು. ಹೋದ ಮನೆಯಲ್ಲೆಲ್ಲ ಅಂಕಿಯನ್ನು ಗಟ್ಟಿಯಾಗಿ ಓದುವುದು, ಎರಡು ಸಲ ಅಲ್ಲ ಮೂರು ಸಲ ನೋಡುವುದು. ಊಟದ ತಟ್ಟೆಯ ಮುಂದೆ ಕೂತು ಕೈ ಹಾಗೇ ಒಣಗಿಸಿಕೊಳ್ಳುತ್ತಾರೆ, ಏನಾಗಿದೆಯೋ ಇವರಿಗೆ ಅಂತ ಅಕ್ಕ ನನ್ನನ್ನು ಕೇಳಿದಳು. ನಾನು ಮಾತು ಬೇರೆ ಕಡೆ ತಿರುಗಿಸಿದೆ. ನಾನು ಮಾತ್ರ ಊಟ ಮಾಡುತ್ತಿದ್ದೆ.

ಏಳು ತಿಂಗಳ ಮೇಲೆ ಒಂದು ಭಾನುವಾರ ಭಾವ ವ್ಯಾನ್ ತೆಗಿ ಅಂದರು. ಮೊದಲು ಮಾಲೀಕರ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಮಾಲೀಕರು ಹೆಂಡತಿಯ ಕಡೆ ಒಮ್ಮೆ ನೋಡಿ, ಆದದ್ದು ಆಯಿತಲ್ಲ, ಈಗ ಮೇಲೆ ಬೇರೆಯವರು ಬಂದಿದ್ದಾರೆ ಅಂತ ಬಾಗಿಲವರೆಗೆ ಬಂದು ಕಳಿಸಿಕೊಟ್ಟರು. ದಾರಗಳ ಅಂಗಡಿಯಲ್ಲಿ ವಿಚಾರಿಸಿದಾಗ ಆ ಹೆಂಗಸಿನ ಹೊಸ ವಿಳಾಸ ಸಿಕ್ಕಿತು. ದಾರಿಯಲ್ಲಿ ಭಾವನಿಗೆ, ಗುಂಡಿ ಒತ್ತಬೇಕಾಗಿದ್ದವನು ನಾನು, ತೋಳು ಹಿಡಿದವನೂ ನಾನೇ ಅಂದೆ. ಗೊತ್ತು ಅಂದರು, ಅಷ್ಟೇ.

ಸೈಕಲ್ ರಿಪೇರಿ ಅಂಗಡಿಯ ಹಿಂದೆ ಒಂದೇ ಕೋಣೆ. ಬಾಗಿಲಿಗೆ ಹೊಲಿಗೆ ಯಂತ್ರ, ಗೋಡೆಗೆ ಮಂಚ, ಮೂಲೆಯಲ್ಲಿ ಪರದೆ ಕಟ್ಟಿದ ಬಚ್ಚಲು. ಭಾವ ಹೊರಗೇ ನಿಂತು ಒಂದೇ ಉಸಿರಿಗೆ ಎಲ್ಲ ಹೇಳಿದರು. ಅಂಕಿ, ನಾಲ್ಕು, ಐದು, ಏಳು, ತಮ್ಮ ಬಾಯಿಂದ ಬಂದ ಮಾತು, ಹತ್ತದೆ ಬಿಟ್ಟ ಮೆಟ್ಟಿಲು. ನನ್ನ ಹೆಸರು ಎತ್ತಲೇ ಇಲ್ಲ. ಆಕೆ ಯಂತ್ರದ ಚಕ್ರವನ್ನು ಅಂಗೈಯಲ್ಲಿ ಹಿಡಿದು ಕೇಳಿಸಿಕೊಂಡರು. ಬೈಯಲಿ, ಬಾಗಿಲು ಹಾಕಲಿ ಅಂತ ನಾನು ಕಾಯುತ್ತಿದ್ದೆ.

"ಮನೆ ಹೋಗಿದ್ದು ದೊಡ್ಡದಲ್ಲ," ಅಂದರು ಆಕೆ. "ನಾನು ಹಾಕಿಲ್ಲ ಅಂತ ನನಗೆ ಗೊತ್ತಿತ್ತು. ಕ್ಯಾಮೆರಾ ಸುಳ್ಳು ಹೇಳಲ್ಲ ಅಂತಾನೂ ಅಂದ್ಕೊಂಡಿದ್ದೆ. ಮನೇಲಿ ಇನ್ಯಾರಿದ್ರು? ನಮ್ಮಮ್ಮನೇ."

ಆಕೆ ಮಂಚದ ಮೇಲೆ ಕೂತಿದ್ದ ತಾಯಿಯ ಕಡೆ ನೋಡಿದರು.

"ಮರೆವು ಜಾಸ್ತಿ ಆಗಿತ್ತು ಅವರಿಗೆ. ನಾನು ಹಾಕಿಲ್ಲ ಕಣೇ ಅಂತ ಅತ್ತರು. ನಾನು ನಂಬಲಿಲ್ಲ, ಬಾಯಿಗೆ ಬಂದ ಹಾಗೆ ಅಂದೆ. ಅವತ್ತಿಂದ ಬಚ್ಚಲಿಗೆ ಹೋಗೋ ಮುಂಚೆ ನನಗೆ ಕೈ ತೋರಿಸಿ ಹೋಗ್ತಾರೆ, ಏನೂ ತಗೊಂಡು ಹೋಗ್ತಿಲ್ಲ ಅಂತ. ಬೇಡಮ್ಮ ಅಂದ್ರೂ ಬಿಡಲ್ಲ."

ಭಾವ ಬಾಗಿಲ ಚೌಕಟ್ಟು ಹಿಡಿದುಕೊಂಡರು. ನಿಮ್ಮ ತಾಯಿಗೂ ನಾನೇ ಹೇಳಲಾ ಅಂತ ಕೇಳಿ ಒಳಗೆ ಹೋಗಿ, ಮಂಚದ ಪಕ್ಕ ನೆಲದ ಮೇಲೆ ಕೂತರು. ಅಜ್ಜಿಗೆ ಕಿವಿ ಮಂದ. ಅಜ್ಜಿ, ತಪ್ಪು ನಿಮ್ಮದಲ್ಲ, ನಮ್ಮದು ಅಂತ ಮೂರು ಸಲ ಜೋರಾಗಿ ಹೇಳಿದರು. ಅಜ್ಜಿ ಒಳ್ಳೆಯವರ ಮಾತಿಗೆ ತಲೆಯಾಡಿಸುವ ಹಾಗೆ ತಲೆಯಾಡಿಸಿ, ಕುಡಿಯೋಕೆ ನೀರು ಕೊಟ್ಟಳಾ ಅಂತ ಕೇಳಿದರು.

ಆಮೇಲೆ ಗೋಡೆ ಹಿಡಿದು ಎದ್ದು ಬಚ್ಚಲ ಕಡೆ ಹೊರಟರು. ಪರದೆಯ ಹತ್ತಿರ ನಿಂತು, ತಿರುಗಿ, ಎರಡೂ ಅಂಗೈ ಬಿಡಿಸಿ ಮಗಳಿಗೆ ತೋರಿಸಿದರು. ಹೊಸಬರು ಇದ್ದಾರೆ ಅಂತ ನೆನಪಾಗಿ ಭಾವನಿಗೂ ತೋರಿಸಿದರು. ಕೊನೆಗೆ ಬಾಗಿಲಲ್ಲಿದ್ದ ನನ್ನ ಕಡೆ ತಿರುಗಿ, ನಾನು ಸರಿ ಅನ್ನುವವರೆಗೆ ಕೈ ಇಳಿಸದೆ ನಿಂತರು.

ನಾನು ಸರಿ ಅಜ್ಜಿ, ಹೋಗಿ ಬನ್ನಿ ಅಂದೆ.