ಬೆನ್ನಿಗೆ ಒಪ್ಪಿದ ಗೋಡೆ

ತಾಂಬಾ ಊರಿನ ಕಾಶಿಬಾಯಿಗೆ ಮಾತಾಡುವುದಕ್ಕಿಂತ ಕೇಳುವುದೇ ಹೆಚ್ಚು ರುಚಿ. ಮೊಣಕಾಲು ಹಿಡಿದುಕೊಂಡ ಮೇಲೆ ಆಕೆ ಓಣಿ ದಾಟುವುದೇ ಅಪರೂಪ. ಆದರೂ ಊರಿನ ಒಂದು ಸುದ್ದಿಯೂ ಆಕೆಯನ್ನು ತಪ್ಪಿಸಿಕೊಂಡು ಹೋಗುತ್ತಿರಲಿಲ್ಲ. ಅದಕ್ಕೆಲ್ಲ ಮನೆಯ ಮುಂದಿನ ಕಟ್ಟೆಯೇ ಕಾರಣ. ಊಟವಾಗಿ ಕಟ್ಟೆಗೆ ನೆರಳು ಬಿತ್ತೆಂದರೆ ಓಣಿಯ ಹೆಂಗಸರು ಮನೆಯಲ್ಲಿ ಏನಾದರೊಂದು ನೆಪ ಹೇಳಿ ಬಂದು ಗೋಡೆಗೆ ಬೆನ್ನು ಕೊಟ್ಟು ಕೂರುವರು. ಆಕೆಯ ತೋಟದ ನಿಂಬೆಹಣ್ಣಿನಲ್ಲಿ ಹಸಿರು ಬೇರೆ, ಹಳದಿ ಬೇರೆ ಮಾಡುತ್ತ ಬಾಯಿಗೂ ಕೆಲಸ ಕೊಡುವರು. ಕಾಶಿಬಾಯಿ "ಹೂಂ, ಮುಂದ?" ಅನ್ನುತ್ತ ಕೇಳುವಳು.

ಈ ಸಲ ಹಳೆಯ ಮನೆಗೆ ರಿಪೇರಿ ಶುರುವಾಯಿತು. ಒಳಗಿನದೆಲ್ಲ ಮುಗಿದು ಮುಂದಿನ ಗೋಡೆಯ ಸರದಿ ಬಂತು. ಹಳೆಯ ಗಿಲಾವು ಉದುರಿ ಕಲ್ಲುಗಳು ಹಲ್ಲು ಕಿರಿಯುತ್ತಿದ್ದವು. ಮಗ ಸಿದ್ದರಾಯನಿಗೆ ಅಲ್ಲಿ ಟೈಲ್ಸ್ ಹಚ್ಚುವ ಆಸೆ. ಸೊಸೆ ಯಶೋಧಾಗೆ ಹರಳು ಎದ್ದು ಕಾಣುವ ಟೆಕ್ಸ್ಚರ್ ಮೇಲೆ ಮನಸ್ಸು.

"ಟೈಲ್ಸ್ ಆದ್ರ ಒಂದ ಬಕೀಟ ನೀರ ಉಗ್ಗಿದ್ರ ಸಾಕು, ಕನ್ನಡಿ ಆಗತೈತಿ," ಅಂದ ಸಿದ್ದರಾಯ.

"ಮನೀನ ಬಚ್ಚಲಾ ಮಾಡ್ತೀರೇನ್ರಿ?" ಯಶೋಧಾ ಚುಚ್ಚಿದಳು.

ಗೌಂಡಿ ನಬಿಸಾಬ ನಕ್ಕ. "ಇಬ್ಬರೂ ಒಂದ ಮಾತಿಗೆ ಬರ್ರಿ. ಇಲ್ಲಾಂದ್ರ ಅರ್ಧಾ ಅದು, ಅರ್ಧಾ ಇದು ಹಚ್ಚಿ ನನ್ನ ಮನಿಗೆ ನಾ ಹೋಗ್ತೇನಿ."

ಕಾಶಿಬಾಯಿಯ ಚಿಂತೆಯೇ ಬೇರೆ. ಕೂರಲು ಹಿತವಾಗದಿದ್ದರೆ ಹೆಂಗಸರು ಬೇರೆ ಕಟ್ಟೆ ಹುಡುಕಿಕೊಳ್ಳುತ್ತಾರೆ. ಅವರ ಬೆನ್ನು ಹತ್ತಿ ಹೋಗಲು ತನಗೆ ಕಾಲಿಲ್ಲ. ಕಡೆಗೆ ಬಾಯಿ ಬಿಟ್ಟಳು: "ನಬಿಸಾಬ, ಗ್ವಾಡಿ ಬರೇ ಕಣ್ಣಿಗಷ್ಟ ಅಲ್ಲಪಾ, ಬೆನ್ನಿಗೂ ಒಪ್ಪಬೇಕು. ಕುಂತ್ರ ಬೆನ್ನ ತಾಗೂ ಜಾಗಾದಾಗ ಒಂದೊಂದ ತುಕಡಿ ಮಾಡಿ ತೋರ್ಸು. ಸುಣ್ಣದ್ದೂ ಒಂದ ಇರ್ಲಿ."

ನಬಿಸಾಬ ಮೂರು ತುಕಡಿ ಮಾಡಿದ. ಅವು ಒಣಗಿದ ಮೇಲೆ ಹೆಂಗಸರೇ ಪರೀಕ್ಷೆಗೆ ಕೂತರು. ಮಧ್ಯಾಹ್ನದ ತನಕ ಬಿಸಿಲು ಕುಡಿದಿದ್ದ ಟೈಲ್ಸಿಗೆ ಬೆನ್ನು ತಾಗಿಸಿದವಳೊಬ್ಬಳು "ಅಯ್ಯಯ್ಯ, ಹಂಚಿನ ಮ್ಯಾಲಿನ ರೊಟ್ಟಿ ಆದ್ನೆವ್ವಾ!" ಎಂದು ಜಿಗಿದೆದ್ದಳು. ಓಣಿಯ ಕಡೆಮನೆಯ ಸೊಸೆ ರೇಣವ್ವ ಟೆಕ್ಸ್ಚರಿಗೆ ಬೆನ್ನು ತಿಕ್ಕಿ, "ಆಯಿ, ಎಮ್ಮಿ ಗಿಡಕ್ಕ ಮೈ ಯಾಕ ತಿಕ್ಕತೈತಿ ಅಂತ ಇವತ್ತ ತಿಳೀತು ನೋಡ್ರಿ!" ಅಂದಳು. ಏಳುವಾಗ ಇಳಕಲ್ ಸೀರೆಯ ಎಳೆ ಹರಳಿಗೆ ಸಿಕ್ಕು ಚರ್ರೆಂದಿತು. ಆಮೇಲೆ ಎಲ್ಲರೂ ತಣ್ಣಗಿದ್ದ ಸುಣ್ಣದ ತುಕಡಿಗೇ ಮುತ್ತಿಕೊಂಡರು. ಕಾಶಿಬಾಯಿಯ ಮುಖ ಅರಳಿತು.

ಮರುದಿನ ಕಟ್ಟೆಗೆ ಒಬ್ಬರೂ ಬರಲಿಲ್ಲ.

ನಿಂಬೆಹಣ್ಣಿನ ಬುಟ್ಟಿ ಮುಂದಿಟ್ಟುಕೊಂಡು ಕಾಶಿಬಾಯಿ ಒಬ್ಬಳೇ ಕೂತಳು. ಸಂಜೆಗೆ ರೇಣವ್ವ ಕಳ್ಳಹೆಜ್ಜೆ ಹಾಕುತ್ತ ಬಂದು ಪಿಸುಗುಟ್ಟಿದಳು: "ಆಯಿ, ನಿನ್ನೆ ಗಿರಣಿಗೆ ಹೋಗಿದ್ನಿ ಅಂತ ನಮ್ಮತ್ತಿಗೆ ಹೇಳಿದ್ನಿ. ಬೆನ್ನ ಮ್ಯಾಲೆ ನಿಮ್ಮ ಗ್ವಾಡಿ ಸುಣ್ಣಾ! 'ಗಿರಣ್ಯಾಗ ಹಿಟ್ಟ ಬೆನ್ನಿಗೆ ಹಾಕ್ತಾರೇನಬೇ' ಅಂತ ಕೇಳಿದ್ಲು. ಎಲ್ಲಾರ ಮನ್ಯಾಗೂ ಇದ ಫಜೀತಿ. ಬೆನ್ನಿಗೆ ನಿಮ್ಮ ಕಟ್ಟಿ ಛಾಪಾ ಬಿದ್ದೈತಿ!"

ಕಾಶಿಬಾಯಿಗೆ ನಗು ತಡೆಯಲಾಗಲಿಲ್ಲ, ಒಳಗೆ ಮಾತ್ರ ದಿಗಿಲು. ಹಳೆಯ ಗೋಡೆಯೂ ಸುಣ್ಣದ್ದೇ ಆಗಿತ್ತಲ್ಲ, ಅದೇಕೆ ಸೀರೆಗೆ ಹತ್ತುತ್ತಿರಲಿಲ್ಲ? ಬುಟ್ಟಿಯ ಹಣ್ಣು ಅಂಗೈಯಲ್ಲಿ ಹೊರಳಿಸುತ್ತ ಕೂತವಳಿಗೆ ತಾನು ಸೊಸೆಯಾಗಿ ಈ ಮನೆಗೆ ನಡೆಯಲು ಬಂದ ವರ್ಷ ನೆನಪಾಯಿತು. ಆಗ ಅತ್ತೆ ಇದೇ ಗೋಡೆಗೆ ಸುಣ್ಣದ ಗಿಲಾವು ಮಾಡಿಸಿ, ಅದು ಹಸಿಯಿರುವಾಗಲೇ ಭೀಮಾ ಹೊಳೆಯ ನುಣುಪು ಕಲ್ಲುಗಳನ್ನು ಹೆಂಗಸರ ಕೈಗೆ ಕೊಟ್ಟಿದ್ದಳು. "ಅವರವರ ಜಾಗಾ ಅವರವರ ತಿಕ್ರಿ" ಎಂಬುದು ಅತ್ತೆಯ ಅಪ್ಪಣೆ. ತಿಕ್ಕಿ ತಿಕ್ಕಿ ಗೋಡೆ ಹೊಳಪಿಗೆ ಬಂದಿತ್ತು, ಸುಣ್ಣ ಸೀರೆಗೆ ಹತ್ತುವುದು ನಿಂತಿತ್ತು.

ಇದನ್ನೆಲ್ಲ ಆಕೆಯಿಂದ ಕೇಳಿ ನಬಿಸಾಬ ಗಲ್ಲ ಕೆರೆದುಕೊಂಡ. "ಮ್ಯಾಲೆ ಸುಣ್ಣದ ನೀರ ಬಳ್ಯಾಕ ಹೋಗಬಾರದಿತ್ತು ನಾ. ತಿಕ್ಕೂ ಕೆಲಸಕ್ಕ ಆಳ ಸಿಗೂದಿಲ್ಲ ಕಾಕೂ."

"ಆಳ ಯಾಕ? ಬಾಯಿ ಆಡಸ್ಕೋತ ಕೈ ಆಡಸವ್ರು ಓಣಿ ತುಂಬ ಅದಾರ."

ಮಗನನ್ನು ಹೊಳೆಗೆ ಕಳಿಸಿ ಕಲ್ಲು ತರಿಸಿದಳು. ನಬಿಸಾಬ ಹೊಸ ಗಿಲಾವು ಹಾಕಿದ ದಿನ ಕಟ್ಟೆಯ ಮೇಲೆ ಬಳೆಗಳ ಸದ್ದೋ ಸದ್ದು. ಯಶೋಧಾ ಕೂಡ ಟೆಕ್ಸ್ಚರ್ ಮರೆತು ಸೆರಗು ಸಿಕ್ಕಿಸಿದಳು. ಕೂತವರ ತಲೆಗಿಂತ ಮೇಲಿನ ಗೋಡೆಗೆ ಆಕೆಯ ಇಷ್ಟದ ತಿಳಿಹಸಿರು ಬಣ್ಣ ಎಂದು ಮಾತಾಗಿತ್ತು. ಟೈಲ್ಸ್ ಬಚ್ಚಲಿಗೇ ಹೋದವು.

ಗೋಡೆ ಒಣಗಿದ ಮೇಲೆ ರೇಣವ್ವನ ಅತ್ತೆ ದುರ್ಗವ್ವ ಕೋಲೂರಿಕೊಂಡು ತಪಾಸಣೆಗೆ ಬಂದಳು. ಅಂಗೈಯಿಂದ ಗೋಡೆ ಒರೆಸಿ ನೋಡಿದಳು. ಸುಣ್ಣ ಹತ್ತಲಿಲ್ಲ. ಬೆನ್ನು ಕೊಟ್ಟು ಕೂತಳು. ಕೂತವಳು ಎದ್ದೇಳಲೇ ಇಲ್ಲ.

"ಅತ್ತಿ, ಅದು ನಾ ತಿಕ್ಕಿದ ಜಾಗಾ!" ರೇಣವ್ವ ಒದರಿದಳು.

"ನೀ ಗಿರಣಿಗೆ ಹೋಗಬೇ," ಎಂದವಳೇ ದುರ್ಗವ್ವ ಕಾಶಿಬಾಯಿಯತ್ತ ಸರಿದು ದನಿ ತಗ್ಗಿಸಿದಳು, "ನಮ್ಮ ಮನೀದ ಒಂದ ಸುದ್ದಿ ಹೇಳ್ತೇನಿ ಕೇಳ..."

ಕಾಶಿಬಾಯಿ ನಿಂಬೆಹಣ್ಣಿನ ಬುಟ್ಟಿಯನ್ನು ಆಕೆಯ ಮುಂದೆ ತಳ್ಳಿದಳು. "ಹೂಂ, ಮುಂದ?"