ಹತ್ತು ಜನ ಸೇರುವ ತನಕ

ನಮ್ಮ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಹಾಕುವ ನರ್ಸಿಗೆ ಹತ್ತರಕ್ಕ ಎಂದು ಹೆಸರಿಟ್ಟವನು ನಾನೇ. ಪಕ್ಕದ ಮೇಜಿನಲ್ಲಿ ಕುಳಿತು ರಿಜಿಸ್ಟರಿನಲ್ಲಿ ಹೆಸರು ಬರೆದುಕೊಳ್ಳುವ ಗುಮಾಸ್ತನಿಗೆ ಬೇರೆ ಘನಕಾರ್ಯ ಏನಿರುತ್ತದೆ? ಒಂದು ಸೀಸೆಯಲ್ಲಿ ಹತ್ತು ಜನರಿಗಾಗುವಷ್ಟು ಲಸಿಕೆ. ಒಮ್ಮೆ ಸೂಜಿ ಚುಚ್ಚಿ ತೆರೆದರೆ ನಾಲ್ಕು ಗಂಟೆಯೊಳಗೆ ಖಾಲಿಯಾಗಬೇಕು, ಉಳಿದದ್ದನ್ನು ಎಸೆಯಬೇಕು. ಹಾಗಾಗಿ ಬೆಂಚಿನ ಮೇಲೆ ಹತ್ತು ತಲೆ ಕಾಣುವ ತನಕ ಅಕ್ಕ ಐಸ್ ಪೆಟ್ಟಿಗೆಯ ಮುಚ್ಚಳ ತೆಗೆಯುತ್ತಿರಲಿಲ್ಲ. ಒಂಬತ್ತೇ ಜನ ಇದ್ದರೆ ಬಾಗಿಲಿಗೆ ಬಂದು ರಸ್ತೆಯಲ್ಲಿ ಹೋಗುವವರನ್ನು ಕರೆಯುತ್ತಿದ್ದಳು. ಒಮ್ಮೆ ಪಾರ್ಸೆಲ್ ಕೊಡಲು ಬಂದವನ ತೋಳೇ ಹತ್ತನೆಯದಾಯಿತು. ಪಾಪ, ಸಹಿ ಹಾಕಿಸಿಕೊಳ್ಳಲು ಬಂದವನು ಸೂಜಿ ಹಾಕಿಸಿಕೊಂಡು ಹೋದ.

ಇದನ್ನು ಜಿಪುಣತನ ಎಂದು ನಾನು ಹಾಸ್ಯ ಮಾಡುತ್ತಿದ್ದೆ, ಆದರೆ ಅದು ಜಿಪುಣತನವಲ್ಲ. ಶ್ವಾಸಕೋಶಕ್ಕೆ ಇಳಿಯುವ ಆ ವೈರಸ್ ಹರಡಿದ ವರ್ಷ ಸೀಸೆಗಳು ಬರುತ್ತಿದ್ದುದೇ ಅಪರೂಪ. ಒಂದು ಹನಿ ಚೆಲ್ಲಿದರೆ ಯಾರದೋ ಉಸಿರು ಚೆಲ್ಲಿದಂತೆ ಎಂದು ಅಕ್ಕ ನಂಬಿದ್ದಳು. ನಮ್ಮ ಗೋಡೆಯ ಮೇಲಿನ ಪಟ್ಟಿಯಲ್ಲಿ ‘ವ್ಯರ್ಥ’ ಎಂಬ ಸಾಲಿನಲ್ಲಿ ತಿಂಗಳಿಗೆ ತಿಂಗಳು ಸೊನ್ನೆ ಇರುತ್ತಿತ್ತು. ಆ ಸೊನ್ನೆಯನ್ನು ಅವಳು ಕೆಂಪು ಪೆನ್ನಿನಲ್ಲಿ, ದುಂಡಗೆ ಬರೆಯುತ್ತಿದ್ದಳು.

ಐವತ್ತೆರಡು ವರ್ಷ, ಮದುವೆಯಾಗಿರಲಿಲ್ಲ, ಇದ್ದ ಒಬ್ಬ ಅಣ್ಣ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಟೈಲರ್ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ವಾಸ. ನನ್ನ ಮನೆ ಅದೇ ದಾರಿಯಲ್ಲಿ ಮುಂದಿರುವುದರಿಂದ ಸಂಜೆ ಇಬ್ಬರೂ ಒಟ್ಟಿಗೆ ನಡೆದು ಹೋಗುತ್ತಿದ್ದೆವು. ಅವಳು ಮೆಟ್ಟಿಲಿನ ಹತ್ತಿರ ಬರುವ ಹೊತ್ತಿಗೆ ಸರಿಯಾಗಿ ಟೈಲರ್ ಹೊಲಿಗೆ ಯಂತ್ರ ನಿಲ್ಲಿಸುತ್ತಿದ್ದ. ಅವನೂ ಒಂಟಿ ಜೀವ, ಹೆಂಡತಿ ತೀರಿಹೋಗಿ ಹತ್ತು ವರ್ಷ. ಕನ್ನಡಕವನ್ನು ಹಣೆಗೇರಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದ.

“ಇವತ್ತು ಎಷ್ಟು?”

“ಅರವತ್ತು. ಒಂದೂ ಹಾಳಾಗ್ಲಿಲ್ಲ.”

“ಭೇಷ್,” ಎಂದು ಮತ್ತೆ ಯಂತ್ರ ತುಳಿಯುತ್ತಿದ್ದ. ಅಷ್ಟೇ. ದಿನವಿಡೀ ನೂರು ಜನರ ತೋಳು ಹಿಡಿಯುವವಳಿಗೆ ತನ್ನದು ಎನ್ನುವ ಮಾತು ಅದೊಂದೇ ಇತ್ತು. ಆ ‘ಭೇಷ್’ ಕೇಳಿ ಮೆಟ್ಟಿಲು ಹತ್ತುವಾಗ ಅವಳ ನಡಿಗೆಯೇ ಬೇರೆಯಾಗಿರುತ್ತಿತ್ತು. ನಾನು ನೋಡಿಯೂ ನೋಡದವನಂತೆ ಮುಂದೆ ಹೋಗುತ್ತಿದ್ದೆ.

ಮಂಗಳವಾರ ಮತ್ತು ಶುಕ್ರವಾರ ಮಾತ್ರ ಲಸಿಕೆ, ಅದೂ ಸಂಜೆ ನಾಲ್ಕರ ತನಕ. ಮೂರನೇ ತಾರೀಖು, ಮಂಗಳವಾರ, ನಾಲ್ಕಕ್ಕೆ ಇನ್ನೂ ಕಾಲು ಗಂಟೆ ಇದೆ ಎನ್ನುವಾಗ ಟೈಲರ್ ಬಂದ. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಬೆಂಚು ಖಾಲಿ. ತೆರೆದಿದ್ದ ಸೀಸೆ ಮುಗಿದು ಐದು ನಿಮಿಷವಾಗಿತ್ತು. ಪೆಟ್ಟಿಗೆಯಲ್ಲಿ ತೆರೆಯದ ಒಂದು ಸೀಸೆ ಇತ್ತು. ಅಕ್ಕ ಬಾಗಿಲಿಗೆ ಹೋಗಿ ರಸ್ತೆಯ ಎರಡೂ ಕಡೆ ನೋಡಿ ಬಂದಳು. ಯಾರೂ ಇರಲಿಲ್ಲ.

“ಶುಕ್ರವಾರ ಬನ್ನಿ. ಮೊದಲನೇ ಸೂಜಿ ನಿಮಗೇ. ಈಗ ತೆಗೆದ್ರೆ ಒಂಬತ್ತು ಜನರದ್ದು ಹಾಳಾಗತ್ತೆ,” ಎಂದಳು.

“ಸರಿ ಬಿಡಿ. ಒಂದು ಜೇಬಿಗೋಸ್ಕರ ನಾನೂ ಹೊಸ ಬಟ್ಟೆ ಥಾನು ಕತ್ತರಿಸಲ್ಲ,” ಎಂದು ಅವನು ನಕ್ಕ. ನಾನೂ ನಕ್ಕೆ. ಅವನ ಹೆಸರು ಬರೆಯಲೆಂದು ತೆಗೆದ ಪೆನ್ನಿನ ಮುಚ್ಚಳ ಹಾಕಿದೆ. ಒಬ್ಬರಿಗಾದರೂ ತೆರೆಯಬಾರದು ಎಂದು ಯಾವ ಸುತ್ತೋಲೆಯಲ್ಲೂ ಬರೆದಿರಲಿಲ್ಲ. ಅದು ನಮಗೆ ಗೊತ್ತಿತ್ತು, ಆದರೆ ಗೋಡೆಯ ಮೇಲಿನ ಸೊನ್ನೆ ನಮಗೆ ಸುತ್ತೋಲೆಗಿಂತ ದೊಡ್ಡದಾಗಿತ್ತು.

ಶುಕ್ರವಾರ ಅವನಿಗೆ ಶಾಲೆಯ ಸಮವಸ್ತ್ರಗಳನ್ನು ಒಪ್ಪಿಸುವ ಗಡಿಬಿಡಿ. ಮುಂದಿನ ಮಂಗಳವಾರ ನಮಗೆ ಸೀಸೆಯೇ ಬರಲಿಲ್ಲ. ಹದಿಮೂರರ ಶುಕ್ರವಾರ ಹತ್ತು ಜನರ ಸಾಲಿನಲ್ಲಿ ಮೊದಲಿಗನಾಗಿ ಕೂತು ಅವನು ಲಸಿಕೆ ಹಾಕಿಸಿಕೊಂಡ. ಹತ್ತೊಂಬತ್ತಕ್ಕೆ ಜ್ವರ ಬಂತು. ಮೂರು ದಿನಕ್ಕೆ ಆಸ್ಪತ್ರೆ, ಆಮ್ಲಜನಕ. ಮತ್ತೆ ಒಂಬತ್ತು ದಿನ ಎಳೆದಾಡಿ ತೀರಿಕೊಂಡ. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಅಕ್ಕ ಡ್ಯೂಟಿ ಮುಗಿಸಿ ಹೋಗಿ ಆಸ್ಪತ್ರೆಯ ಗೇಟಿನ ಬಳಿ ನಿಂತು ವಾಪಸು ಬರುತ್ತಿದ್ದಳು.

ಎರಡು ತಿಂಗಳ ನಂತರ ಆ ಆಸ್ಪತ್ರೆಯ ಡಾಕ್ಟರಮ್ಮ ಒಂದು ಪಟ್ಟಿ ಹಿಡಿದು ಬಂದರು. ದಾಖಲಾದ ನೂರೆಂಬತ್ತು ರೋಗಿಗಳಲ್ಲಿ ಯಾರು ಯಾವ ದಿನ ಲಸಿಕೆ ಹಾಕಿಸಿಕೊಂಡಿದ್ದರು, ಜ್ವರ ಬಂದದ್ದು ಎಷ್ಟು ದಿನದ ಮೇಲೆ, ಯಾರಿಗೆ ಆಮ್ಲಜನಕ ಬೇಕಾಯಿತು, ಯಾರು ಮನೆಗೆ ಹೋದರು ಎಂದು ಅವರು ಲೆಕ್ಕ ಹಾಕುತ್ತಿದ್ದರು. ಲಸಿಕೆಯ ತಾರೀಖು ನಮ್ಮ ರಿಜಿಸ್ಟರಿನಿಂದ ತೆಗೆದುಕೊಡಬೇಕಿತ್ತು.

“ಹಾಕಿದ ಕೂಡಲೇ ಮೈಗೆ ರಕ್ಷಣೆ ಬರಲ್ಲ, ಎರಡು ವಾರನಾದ್ರೂ ಬೇಕು. ಎರಡು ವಾರ ದಾಟಿದವರಲ್ಲಿ ಹೆಚ್ಚಿನವರು ನಡ್ಕೊಂಡೇ ಮನೆಗೆ ಹೋಗಿದ್ದಾರೆ. ಜನ ತಡ ಮಾಡಿ ಬರ್ತಾರೆ ನೋಡಿ, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ,” ಎಂದರು ಡಾಕ್ಟರಮ್ಮ.

ನಾನು ಪಟ್ಟಿಯ ಹೆಸರು ಓದುವುದು, ಅಕ್ಕ ರಿಜಿಸ್ಟರ್ ನೋಡಿ ತಾರೀಖು ಹೇಳುವುದು, ನಾನು ಬರೆಯುವುದು. ಪಟ್ಟಿಯಲ್ಲಿ ಹೆಸರಿನ ಜೊತೆ ಕಸುಬೂ ಇತ್ತು. ಎಪ್ಪತ್ತೊಂದನೇ ಸಾಲು ಬಂದಾಗ ನಾನು ಓದಲಿಲ್ಲ, ಬೆರಳಿಟ್ಟು ತೋರಿಸಿದೆ.

“ಹದಿಮೂರು,” ಎಂದಳು. ನಾನು ಬರೆದು ಪಕ್ಕದ ಕಾಲಮಿನಲ್ಲಿ ಆರು ದಿನ ಎಂದು ತುಂಬಿಸಿದೆ.

“ಮೂರು ಅಂತಾನೂ ಬರೀರಿ.”

“ಅಕ್ಕ, ಮೂರಕ್ಕೆ ಹಾಕಿಲ್ವಲ್ಲ.”

“ಬಂದಿದ್ರಲ್ಲ. ತಡ ಮಾಡಿದ್ದು ಅವರಲ್ಲ, ನಾನು. ಮೂರಕ್ಕೇ ಹಾಕಿದ್ರೆ ಹದಿನಾರು ದಿನ ಆಗ್ತಿತ್ತು.”

ಬಂದು ವಾಪಸು ಹೋದವರಿಗೆ ಆ ಪಟ್ಟಿಯಲ್ಲಿ ಜಾಗ ಇರಲಿಲ್ಲ. ನಮ್ಮ ರಿಜಿಸ್ಟರಿನಲ್ಲೂ ಇರಲಿಲ್ಲ. ಡಾಕ್ಟರಮ್ಮ ಕೆಟ್ಟವರೇನಲ್ಲ, ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. “ಹದಿನಾರು ದಿನ ಆದವರಲ್ಲೂ ಹೋದವರಿದ್ದಾರೆ ಸಿಸ್ಟರ್. ನೂರಾರು ಜನರನ್ನ ಸೇರಿಸಿ ನೋಡಿದ್ರೆ ಏನಾದ್ರೂ ಹೇಳಬಹುದು. ಒಬ್ಬರ ಬಗ್ಗೆ ಏನೂ ಹೇಳಕ್ಕಾಗಲ್ಲ.”

ಸಮಾಧಾನಕ್ಕೆಂದೇ ಹೇಳಿದ ಮಾತು ಅದು. ನನಗನ್ನಿಸುತ್ತದೆ, ಅಕ್ಕನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ತಪ್ಪು ನಿನ್ನದು ಎಂದಿದ್ದರೆ ಅತ್ತು ಹಗುರಾಗುತ್ತಿದ್ದಳು. ನಿನ್ನದಲ್ಲ ಎಂದಿದ್ದರೆ ನಿದ್ದೆ ಮಾಡುತ್ತಿದ್ದಳು. ಎರಡೂ ಸಿಗದೆ ನೂರೆಂಬತ್ತು ಸಾಲುಗಳನ್ನೂ ಮುಗಿಸಿ ಕೊಟ್ಟಳು.

ಅಂಗಡಿ ಖಾಲಿ ಮಾಡಲು ಟೈಲರನ ತಂಗಿ ಬಂದ ದಿನ ಅಕ್ಕ ನನ್ನನ್ನೂ ಕರೆದುಕೊಂಡು ಹೋದಳು. ಒಬ್ಬಳೇ ಹೋದರೆ ಬಾಯಿ ಬರುವುದಿಲ್ಲ ಎಂಬ ಭಯ. ತಂಗಿ ನೂಲಿನ ಉಂಡೆಗಳನ್ನು ಡಬ್ಬಕ್ಕೆ ತುಂಬುತ್ತಿದ್ದಳು. ಅಕ್ಕ ಬಾಗಿಲಲ್ಲೇ ನಿಂತು, ಕಡ್ಡಿ ಮುರಿದಂತೆ, ಮೂರನೇ ತಾರೀಖಿನ ಸಂಗತಿ ಹೇಳಿದಳು. ಬೈಗುಳಕ್ಕೆ ತಯಾರಾಗಿಯೇ ಬಂದಿದ್ದಳು. ಬೈಗುಳ ಬೇಕೆಂದೇ ಬಂದಿದ್ದಳೋ ಏನೋ.

“ಗೊತ್ತು. ಅವತ್ತೇ ಫೋನ್ ಮಾಡಿ ಹೇಳಿದ್ದ ಅಣ್ಣ,” ಎಂದಳು ತಂಗಿ. “‘ಮೇಲಿನ ಮನೆ ಸಿಸ್ಟರ್ ನನ್ನನ್ನೂ ವಾಪಸ್ ಕಳಿಸಿದ್ಳು ಕಣೇ, ಗುರುತು ಪರಿಚಯ ಅಂತ ಒಂದು ಹನಿ ಬಿಡಲ್ಲ,’ ಅಂದ. ಎಷ್ಟು ಜಂಬದಿಂದ ಹೇಳಿದ ಅಂದ್ರೆ, ಸೂಜಿ ತಾನೇ ಕಂಡುಹಿಡಿದವನ ಥರ.”

ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ತಂಗಿ ಅಳತೆ ಟೇಪನ್ನು ಸುತ್ತಿ ಅವಳ ಕೈಗೆ ಕೊಟ್ಟು, “ಇಟ್ಕೊಳ್ಳಿ,” ಎಂದಳು. ನಾನು ಬೀದಿ ನೋಡುತ್ತ ನಿಂತೆ.

ಮರುವಾರ ಶುಕ್ರವಾರ, ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ, ಪಾಳಿ ಮುಗಿಸಿದ ಬಸ್ ಕಂಡಕ್ಟರ್ ಒಬ್ಬಳು ಬಂದಳು. ಖಾಲಿ ಬೆಂಚು ನೋಡಿ, “ಮಂಗಳವಾರ ಬರ್ಲಾ?” ಎಂದು ತಾನೇ ಕೇಳಿದಳು. ಹತ್ತರಕ್ಕನ ಖ್ಯಾತಿ ಬಸ್ಸಿನವರೆಗೂ ಮುಟ್ಟಿತ್ತು. ಅಕ್ಕ ರಸ್ತೆಗೆ ಹೋಗಿ ನೋಡಲಿಲ್ಲ. ಪೆಟ್ಟಿಗೆ ತೆರೆದು ಹೊಸ ಸೀಸೆಗೆ ಸೂಜಿ ಚುಚ್ಚಿದಳು. ಆಮೇಲೆ ಐದೂವರೆ ತನಕ ಕಾದೆವು, ಯಾರೂ ಬರಲಿಲ್ಲ. ವ್ಯರ್ಥದ ಸಾಲಿನಲ್ಲಿ ಕೆಂಪು ಪೆನ್ನಿನಿಂದ ಒಂಬತ್ತು ಬರೆದಳು. ಕಾರಣ ಎಂಬಲ್ಲಿ ‘ಒಬ್ಬರು ಬಂದಿದ್ದರು’ ಎಂದು ಬರೆದು ಸಹಿ ಹಾಕಿದಳು. ಮೇಲಿನವರಿಂದ ವಿವರಣೆ ಕೇಳಿ ಪತ್ರ ಬಂದಾಗಲೂ ಅದನ್ನೇ ಬರೆದು ಕಳಿಸಿದಳು.

ಆ ಶುಕ್ರವಾರ ಸಂಜೆ ಒಟ್ಟಿಗೇ ನಡೆದೆವು. ಅಂಗಡಿಯ ಶಟರ್ ಇಳಿದಿತ್ತು, ಬಾಡಿಗೆಗಿದೆ ಎಂಬ ಬೋರ್ಡು ತೂಗುತ್ತಿತ್ತು. ಅಕ್ಕ ಮೆಟ್ಟಿಲಿನ ಬುಡದಲ್ಲಿ ನಿಂತಳು. ಯಾರೋ ಯಂತ್ರ ನಿಲ್ಲಿಸುವುದನ್ನು ಕಾಯುವಂತೆ ನಿಂತದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

“ಇವತ್ತು ಎಷ್ಟು ಅಕ್ಕ?” ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಸಿಟ್ಟಿರಲಿಲ್ಲ.

“ಅದನ್ನ ನೀವು ಕೇಳ್ಬೇಡಿ ಗುಮಾಸ್ತ್ರೇ,” ಎಂದು ಮೆಲ್ಲಗೆ ಹೇಳಿ ಮೆಟ್ಟಿಲು ಹತ್ತಿದಳು.