ಮೊಸಾಯಿಕ್ ಮೇಲೆ ಚೆಲ್ಲಿದ ಅರಿಶಿನ

ಹಳದಿ ಕಲೆಗೆ ಸೋಪು ಹಾಕಿ ಉಜ್ಜಿದರೆ ಅದು ರಕ್ತದ ಬಣ್ಣಕ್ಕೆ ತಿರುಗುವುದನ್ನು ನೀವು ಕಂಡಿದ್ದೀರಾ? ನಾನು ಕಂಡೆ. ಅದೂ ಮಗಳ ನಾಮಕರಣದ ದಿನ. ಅದೂ ನಮ್ಮದಲ್ಲದ ಮನೆಯ ಹಾಲ್‌ನಲ್ಲಿ.

ರಾಜಾಜಿನಗರದ ಈ ಹೊಸ ಬಡಾವಣೆಯಲ್ಲಿ (ರಸ್ತೆಗಳಿಗೆ ನಂಬರು ಬಂದಿದೆ, ದೀಪ ಇನ್ನೂ ಬಂದಿಲ್ಲ) ನಾವು ಮುನಿಯಪ್ಪನವರ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೇವೆ. ಇದೇ ಜಾಗದಲ್ಲಿ ಅವರು ಹಿಂದೆ ರಾಗಿ ಬೆಳೆಯುತ್ತಿದ್ದರಂತೆ. ಹೊಲ ಬಡಾವಣೆಗೆ ಹೋಯಿತು. ಉಳಿದ ತುಂಡು ನೆಲದಲ್ಲಿ ಮನೆ ಕಟ್ಟಿ, ಹಾಲಿಗೆ ಮೊಸಾಯಿಕ್ ಹಾಕಿಸಿದರು. ನಮ್ಮ ರಸ್ತೆಗೆಲ್ಲ ಅದೊಂದೇ ಮೊಸಾಯಿಕ್. ಬಿಳಿ ನೆಲ, ನಡುನಡುವೆ ಕಪ್ಪು, ಹಸಿರು ಕಲ್ಲಿನ ಚೂರು. ಮುನಿಯಪ್ಪನವರು ಅದರ ಮೇಲೆ ಕೂರುವುದೇ ಇಲ್ಲ. ಜಗಲಿಯ ಮೇಲೆ ಕೂತು ಬಾಗಿಲಿನಿಂದ ಅದನ್ನು ನೋಡುತ್ತಾರೆ, ಅಷ್ಟೆ.

ಅವರ ಮಗಳ ನಿಶ್ಚಿತಾರ್ಥ ಆ ವಾರದ ಭಾನುವಾರ ಆ ಹಾಲಿನಲ್ಲೇ ನಡೆಯಬೇಕಿತ್ತು. ನಮ್ಮ ಮಗುವಿನ ನಾಮಕರಣ ಅದಕ್ಕೂ ಮೊದಲು, ಬುಧವಾರ.

"ನಿಮ್ಮ ಕೋಣೇಲಿ ನಾಕು ಜನ ಕುಂತ್ರೆ ಐದನೇಯೋನು ನಿಂತೇ ಇರ್ಬೇಕು ಸ್ವಾಮಿ. ನಮ್ಮ ಹಾಲ್‌ನಾಗೆ ಮಾಡ್ಕಳಿ. ಮಗು ನಿಮ್ದಾದ್ರೇನು, ನಮ್ದಾದ್ರೇನು?" ಎಂದು ಕೀಲಿ ಕೈಗಿಟ್ಟು, ನೆಂಟರನ್ನು ಕರೆಯಲು ಮನೆಮಂದಿಯ ಜೊತೆ ಮಾಗಡಿ ಕಡೆ ಹೊರಟುಹೋದರು.

ನಾಮಕರಣ ಚೆನ್ನಾಗಿಯೇ ಆಯಿತು. ಬಂದವರು ಉಂಡು ಹೋದರು. ಹೆಂಡತಿ ಶಾರದೆಗೆ ನೆರವಾಗೋಣವೆಂದು ಅರಿಶಿನ ಕಲಸಿದ್ದ ಬಟ್ಟಲನ್ನು ನಾನೇ ಎತ್ತಿಕೊಂಡೆ. (ಗಂಡಸರು ನೆರವಾಗಲು ಹೊರಟಾಗಲೇ ಇಂಥದ್ದು ಆಗುವುದು ಏಕೆ?) ಪಂಚೆಯ ಅಂಚು ಕಾಲಿಗೆ ತೊಡರಿತು. ಹಾಲಿನ ನಟ್ಟನಡುವೆ ಊಟದ ಎಲೆಯಗಲ ಹಳದಿ. ಕಿಟಕಿಯ ಕೆಳಗೂ ಒಂದಷ್ಟು ಸಿಡಿಯಿತು.

ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಹೋಗಲಿಲ್ಲ. ಬಟ್ಟೆ ಸೋಪು ತಂದು ನಡುವಿನ ಕಲೆಯನ್ನು ಉಜ್ಜಿದೆ. ಕೆಂಪಾಯಿತು! ನನ್ನ ಕೈಗೇನಾದರೂ ಗಾಯವಾಯಿತೇ ಎಂದು ಬೆರಳುಗಳನ್ನೆಲ್ಲ ನೋಡಿಕೊಂಡೆ.

ಶಾರದೆ ಓಡಿ ಬಂದಳು. "ಅಯ್ಯೋ, ಸೋಪ್ ಯಾಕ್ರೀ ಹಾಕಿದ್ರಿ? ಆರತಿ ನೀರಿಗೆ ಅರಿಶಿನ, ಸುಣ್ಣ ಕಲಸಿ ಕೆಂಪು ಮಾಡೋದನ್ನ ನೀವು ನೋಡೇ ಇಲ್ವಾ?"

ನೋಡಿದ್ದೇನೆ. ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೆ ಸೋಪೂ ಸುಣ್ಣವೂ ದಾಯಾದಿಗಳೆಂದು ನನಗೆ ಯಾರು ಹೇಳಿದ್ದರು?

ಸುಣ್ಣ ಕೆಡಿಸಿದ್ದನ್ನು ಹುಳಿ ಸರಿಮಾಡಬೇಕಲ್ಲ ಎಂದು ನಿಂಬೆಹಣ್ಣು ಹಿಂಡಿದೆ. ಕೆಂಪು ಹೋಗಿ ಮತ್ತೆ ಹಳದಿ ಬಂತು. ನನಗೆ ಧೈರ್ಯ ಬಂತು. ಹಿತ್ತಾಳೆ ಚೆಂಬು ಹುಣಸೆಹಣ್ಣಿಗೆ ಥಳಥಳ ಎನ್ನುವುದಿಲ್ಲವೇ? ಹುಣಸೆಹಣ್ಣನ್ನೂ ಮೆತ್ತಿದೆ. ಸಣ್ಣಗೆ ನೊರೆ ಎದ್ದಿತು.

"ನೋಡು ಶಾರದಾ, ಕೊಳೆ ಹೇಗೆ ಮೇಲಕ್ಕೆ ಬರ್ತಾ ಇದೆ!"

ಮೇಲಕ್ಕೆ ಬರುತ್ತಿದ್ದುದು ಕೊಳೆಯಲ್ಲ, ಮುನಿಯಪ್ಪನವರ ನೆಲ. ಮಾರನೆಯ ಬೆಳಿಗ್ಗೆ ತೊಳೆದು ನೋಡಿದರೆ ಹಳದಿ ಮಾಯ, ಜೊತೆಗೆ ಹೊಳಪೂ ಮಾಯ. ಎಲೆಯಗಲ ಜಾಗ ಮಂಕಾಗಿ, ಮುಟ್ಟಿದರೆ ತರಿತರಿ. ಕೊಬ್ಬರಿ ಎಣ್ಣೆ ಸವರಿದೆ. ಒಂದು ಗಳಿಗೆ ಮಿಂಚಿತು, ಆಮೇಲೆ ಬೀದಿಯ ಧೂಳನ್ನೆಲ್ಲ ಹಿಡಿದುಕೊಂಡಿತು. ಆಫೀಸಿನಲ್ಲಿ ಕೇಳಿದೆ. ಒಬ್ಬರು ಬೂದಿ ಎಂದರು, ಇನ್ನೊಬ್ಬರು ಸೀಮೆಎಣ್ಣೆ, ಮತ್ತೊಬ್ಬರು ಹುಳಿ ಮಜ್ಜಿಗೆ. ಮನೆಗೆ ಬರುವಷ್ಟರಲ್ಲಿ ಶಾರದೆ ಅಡಿಗೆಮನೆಗೆ ಚಿಲಕ ಹಾಕಿ ಅಡ್ಡ ನಿಂತಿದ್ದಳು.

ಇನ್ನೊಂದು ವಿಚಿತ್ರ ಕೇಳಿ. ಕಿಟಕಿಯ ಕೆಳಗೆ ಸಿಡಿದಿದ್ದ ಹಳದಿಯನ್ನು ಈ ಗಡಿಬಿಡಿಯಲ್ಲಿ ಮರೆತೇಬಿಟ್ಟಿದ್ದೆ. ಶನಿವಾರ ಮಂಡಿಯೂರಿ ಹುಡುಕುತ್ತೇನೆ, ಒಂದು ಹನಿಯೂ ಇಲ್ಲ! ನಾನು ಉಜ್ಜಿರಲಿಲ್ಲ. ಶಾರದೆಯೂ ಉಜ್ಜಿರಲಿಲ್ಲ. ಹಾಗಾದರೆ ಯಾರು?

ಅಂದೇ ಮಧ್ಯಾಹ್ನ ಮುನಿಯಪ್ಪನವರು ಬಂದರು. ಅವರು ಕಾಲು ತೊಳೆಯುವ ಮೊದಲೇ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಕುಕ್ಕರುಗಾಲಲ್ಲಿ ಕೂತು, ಹೊಲದ ಮಣ್ಣು ಮುಟ್ಟಿ ನೋಡುವವರ ಹಾಗೆ ಆ ಜಾಗದ ಮೇಲೆ ಅಂಗೈ ಆಡಿಸಿದರು.

"ಹುಳಿ ಹಾಕಿದ್ರಾ?"

"ಹೂಂ."

"ಕಿಟ್ಕಿ ತಾವ ಬಿದ್ದಿದ್ದು?"

"ಅದು ತಾನಾಗೇ ಹೋಯ್ತು."

"ಬಿಸ್ಲು ತಿಂತು ಸ್ವಾಮಿ. ಅರಿಸಿನ ಬಿಸ್ಲಿಗೆ ನಿಲ್ಲಾಕಿಲ್ಲ. ಇದ್ನೂ ಬಾಗ್ಲು ತೆಗೆದು ಬಿಸ್ಲಿಗೆ ಬುಟ್ಟಿದ್ರೆ ಆಗಿತ್ತು."

ಅವರು ಬೈಯಲಿಲ್ಲ. ಅವರ ಹೆಂಡತಿ ಹನುಮಕ್ಕ ಮಾತ್ರ ಸೆರಗಿನಿಂದ ಕಣ್ಣು ಒತ್ತಿಕೊಂಡರು. ನಾಳೆ ಬೀಗರ ಮುಂದೆ ಮಗಳನ್ನು ಕೂರಿಸಬೇಕಾದ ನೆಲ ಅದು. ನನಗೆ ನಿಜಕ್ಕೂ ಅಳು ಬಂತು.

ಜಮಖಾನ ಹಾಸಿದರೆ ಮುಗಿಯಿತಲ್ಲ ಎನ್ನುತ್ತೀರಾ? ತೋರಿಸುವುದಕ್ಕೆಂದೇ ಮೊಸಾಯಿಕ್ ಹಾಕಿಸಿದವರು ಅದನ್ನು ಜಮಖಾನದಲ್ಲಿ ಮುಚ್ಚುತ್ತಾರೆಯೇ?

ಭಾನುವಾರ ಮುನಿಯಪ್ಪನವರು ನನ್ನ ಕೈಹಿಡಿದು ಒಳಗೆ ಕರೆದೊಯ್ದರು. ಆ ಮಂಕು ಜಾಗದ ಮೇಲೆ ಒಂದು ಚಿಕ್ಕ ಚಾಪೆ ಹಾಕಿದ್ದರು. ಇಡೀ ಹಾಲಿಗೆ ಅದೊಂದೇ ಚಾಪೆ.

"ಕುಂತ್ಕಳಿ ಸ್ವಾಮಿ. ಶಾಸ್ತ್ರ ಮುಗಿಯೋ ಗಂಟ ಏಳ್ಬೇಡಿ."

ಕೂತೆ. ಬೀಗರು ಬಂದಾಗ ಎಲ್ಲರೂ ಎದ್ದರು, ನಾನು ಏಳಲಿಲ್ಲ. ಆರತಿ ಎತ್ತುವಾಗ ಎಲ್ಲರೂ ಎದ್ದರು, ನಾನು ಏಳಲಿಲ್ಲ. (ತಟ್ಟೆಯಲ್ಲಿ ಅದೇ ಕೆಂಪು ನೀರು. ಶಾರದೆ ನನ್ನನ್ನು ನೋಡಿದಳು, ನಾನು ಸೂರು ನೋಡಿದೆ.) ಎರಡೂ ಕಾಲು ಜೋಮು ಹಿಡಿದವು. ಗಂಡಿನ ತಂದೆ ಮೆಲ್ಲಗೆ ಕೇಳಿದ್ದು ನನ್ನ ಕಿವಿಗೂ ಬಿತ್ತು: "ಯಾರು ಇವ್ರು? ಭಾರೀ ದೊಡ್ಡೋರು ಅಂತ ಕಾಣ್ತದೆ."

"ನಮ್ಮನೇಗೆ ಬೇಕಾದೋರು" ಎಂದರು ಮುನಿಯಪ್ಪ. ಮುಖದಲ್ಲಿ ನಗುವಿರಲಿಲ್ಲ.

ಕೂಡಲೇ ಮದುವೆಯ ಗಂಡು ಬಂದು ನನ್ನ ಜೋಮು ಹಿಡಿದ ಕಾಲಿಗೇ ಅಡ್ಡಬಿದ್ದ. ಬಾಯಿಗೆ ಬಂದಂತೆ ಹರಸಿದೆ. ವಾರ ಕಳೆದರೂ ನನಗೆ ತಿಳಿಯುತ್ತಿಲ್ಲ, ನೀವಾದರೂ ಹೇಳಿ: ಆ ಚಾಪೆಯ ಮೇಲೆ ಮುನಿಯಪ್ಪನವರು ನನಗೆ ಮಾಡಿದ್ದು ಮರ್ಯಾದೆಯೋ, ಶಿಕ್ಷೆಯೋ?